ಮಾತೆ ಮರಿಯಮ್ಮ: ವಂದನೆಯೋ, ಆರಾಧನೆಯೋ?

ಕಥೋಲಿಕರು ಮರಿಯಮ್ಮನವರನ್ನು ದೇವರನ್ನಾಗಿಸಿದ್ದಾರೆ ಎಂಬ ಆಪಾದನೆ ನಮಗೆ ಹೊಸದಲ್ಲ. ಅನ್ಯ ಸಭೆಗಳ ಸಹೋದರರು ಅದನ್ನು ಬೈಬಲ್ ಹಿಡಿದು ಹೊರಿಸುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ, ಉಡಿಗಾಲದ ಸೀಮೆಯಲ್ಲಿ ಮಾರಮ್ಮನಿಗೆ ನಡೆದುಕೊಳ್ಳುವ ನೆರೆಯವರು ಯಾವ ಕುಹಕವೂ ಇಲ್ಲದೆ, "ಮರಿಯಮ್ಮ ನಿಮ್ಮ ದೇವರಲ್ಲವೇ?" ಎಂದು ಕೇಳಬಹುದು. ಇಬ್ಬರಿಗೂ ನಮ್ಮ ಉತ್ತರ ಒಂದೇ: ಅಲ್ಲ.

ಈ ಉತ್ತರ ಇಂದು ನಿನ್ನೆಯದಲ್ಲ. ಅರೇಬಿಯದ ಕೆಲವು ಸ್ತ್ರೀಯರು ಮರಿಯಮ್ಮನವರಿಗೆ ರೊಟ್ಟಿಯನ್ನು ಬಲಿಯಾಗಿ ಅರ್ಪಿಸುತ್ತಾರೆಂದು ಕೇಳಿದ ಸಂತ ಎಪಿಫಾನಿಯಸರು 4ನೇ ಶತಮಾನದಲ್ಲೇ ಅದನ್ನು ಖಂಡಿಸಿದರು. 431ರಲ್ಲಿ ಎಫೆಸಸ್ ಮಹಾಸಭೆ ಆಕೆಯನ್ನು 'ದೇವಮಾತೆ' ಎಂದು ಕರೆದಾಗ ಸಾರಿದ್ದು ಮಗನ ಮಹಿಮೆಯನ್ನು: ಆಕೆಯ ಉದರದಲ್ಲಿ ಜನಿಸಿದವರು ನಿಜ ದೇವರೂ ನಿಜ ಮಾನವರೂ ಆದ ಒಬ್ಬರೇ ಕ್ರಿಸ್ತರು. 787ರ ಎರಡನೆಯ ನಿಸಿಯಾ ಮಹಾಸಭೆ ಪವಿತ್ರ ಚಿತ್ರಗಳಿಗೆ ಸಲ್ಲುವ ವಂದನೆಯನ್ನೂ ದೇವರಿಗೆ ಮಾತ್ರ ಸಲ್ಲುವ ಆರಾಧನೆಯನ್ನೂ ಬೇರ್ಪಡಿಸಿತು. ಕ್ರಿಸ್ತರೊಬ್ಬರೇ ಮಧ್ಯಸ್ಥರೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪುನಃ ಬೋಧಿಸಿತು. 2025ರ ನವೆಂಬರ್ 4ರಂದು ಪ್ರಕಟವಾದ ವ್ಯಾಟಿಕನ್ನಿನ ಸೈದ್ಧಾಂತಿಕ ಟಿಪ್ಪಣಿಯಂತೂ ಮರಿಯಮ್ಮನವರನ್ನು 'ಸಹ-ವಿಮೋಚಕಿ' ಎಂದು ಕರೆಯುವುದು ಉಚಿತವಲ್ಲವೆಂದು ಸ್ಪಷ್ಟಪಡಿಸಿದೆ. ದೇವರನ್ನಾಗಿಸುವ ಸಭೆ ಬಿರುದನ್ನು ನಿರಾಕರಿಸುತ್ತದೆಯೇ?

"ಗ್ರಂಥದ ಮಾತಿರಲಿ, ಜನರ ಆಚರಣೆ ಏನು?" ಎಂದು ಆಕ್ಷೇಪಿಸುವವರಿದ್ದಾರೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಸೀರೆಯುಟ್ಟ ಮಾತೆಯ ಸ್ವರೂಪ, ಸೆಪ್ಟೆಂಬರ್ 8ರ ತೇರು, ಹೂವು, ಮೇಣದಬತ್ತಿ ಇವೆಲ್ಲ ಪೂಜೆಯಲ್ಲವೇ ಎನ್ನುತ್ತಾರೆ. ಕನ್ನಡದ ಹೃದಯ ಪ್ರೀತಿಯನ್ನು ಹೂವಿನಿಂದಲೇ ಹೇಳುತ್ತದೆ. ನಾವು ಗುರುಹಿರಿಯರಿಗೆ ಹಾರ ಹಾಕುತ್ತೇವೆ, ಹೆತ್ತವರ ಕಾಲಿಗೆರಗುತ್ತೇವೆ. ಹಾಗೆಂದು ಅವರನ್ನು ಸೃಷ್ಟಿಕರ್ತರೆನ್ನುವುದಿಲ್ಲ. ನೋಡಬೇಕಾದದ್ದು ಬಲಿ ಯಾರಿಗೆ, ಬೇಡಿಕೆ ಎಂಥದು ಎಂಬುದನ್ನು. ಮಾತೆಯ ಹಬ್ಬದಂದೂ ಬಲಿಪೂಜೆ ಪಿತದೇವರಿಗೇ ಅರ್ಪಿತವಾಗುತ್ತದೆ. ಜಪಸರದಲ್ಲಿ ನಾವು ಆಕೆಯನ್ನು ಬೇಡುವುದು ನಮಗಾಗಿ ಪ್ರಾರ್ಥಿಸಿರೆಂದು. ದೇವರಿಗೆ ಹಾಗೆ ಯಾರೂ ಬೇಡುವುದಿಲ್ಲ.

ಆದರೆ ಓದುಗರೇ, ಆಪಾದನೆಗೆ ಬಲ ಕೊಡುವವರು ನಮ್ಮೊಳಗೇ ಇದ್ದಾರೆ. ತೇರಿಗೆ ತಪ್ಪದೆ ಬಂದು ಭಾನುವಾರದ ಬಲಿಪೂಜೆಯನ್ನು ತಪ್ಪಿಸುವವರು, ಹರಕೆ ತೀರದಿದ್ದರೆ ಮಾತೆ ಮುನಿಯುತ್ತಾರೆಂದು ಹೆದರುವವರು, ಮಗ ಕಠೋರ, ತಾಯಿ ಮಾತ್ರ ದಯಾಮಯಿ ಎಂದು ಭಾವಿಸುವವರು! ಇವರ ಮನಸ್ಸಿನಲ್ಲಿರುವ ಮರಿಯಮ್ಮ ಶುಭಸಂದೇಶದ ಮರಿಯಮ್ಮನಲ್ಲ. ಸಂತ ಲೂಕರು ಚಿತ್ರಿಸುವ ಆಕೆ ತನ್ನನ್ನು ಪ್ರಭುವಿನ ದಾಸಿಯೆಂದೇ ಕರೆದುಕೊಂಡವರು. ಇಂಥ ಭಯವನ್ನು ತಿದ್ದದೆ ಕಾಣಿಕೆ ಡಬ್ಬಿಯನ್ನು ಮಾತ್ರ ತೆರೆದಿಡುವ ಗುರುಗಳು ವಿರೋಧಿಗಳಿಗಿಂತ ಹೆಚ್ಚು ಅಪಚಾರ ಮಾಡುತ್ತಾರೆ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಆಕೆ ತಾವೇ ಅದ್ಭುತ ಮಾಡಲಿಲ್ಲ. ಕೊರತೆಯನ್ನು ಮಗನಿಗೆ ತಿಳಿಸಿದರು, ಸೇವಕರನ್ನು ಆತನ ಮಾತಿಗೆ ಒಪ್ಪಿಸಿದರು. ಆ ಮಾತಿಗೆ ಕಿವಿಗೊಡುವುದೇ ಮರಿಯ ಭಕ್ತಿ.