ಲೆಕ್ಕ ಇದೆ, ಕೂಡಿಸುವವರಿಲ್ಲ

ರಾಜ್ಯಕ್ಕೆ ಇಷ್ಟು ಕೋಟಿ ಪ್ರವಾಸಿಗರು ಬಂದರು ಎಂದು ಪ್ರತಿ ವರ್ಷ ಓದುತ್ತೇವೆ. ಆ ಅಂಕಿ ಜನರದ್ದಲ್ಲ, ಭೇಟಿಗಳದ್ದು. ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಸುತ್ತಿಬಂದ ಒಂದೇ ಕುಟುಂಬ ಮೂರು ಕಡೆಯೂ ಲೆಕ್ಕಕ್ಕೆ ಸೇರಬಹುದು. ಯಾವ ಊರಲ್ಲಿ ಎಷ್ಟು ಮಂದಿ ಎಷ್ಟು ರಾತ್ರಿ ತಂಗಿದರೆಂಬುದು ಅದರಲ್ಲಿ ಕಾಣದು. ಅದು ತಿಳಿಯದೆ ಗೋಕರ್ಣಕ್ಕೆ ಎಷ್ಟು ನೀರು ಬೇಕು, ಎಷ್ಟು ಕಸದ ಗಾಡಿ ಬೇಕು ಎಂದು ಯಾರು ಹೇಳಬಲ್ಲರು?

ಇದಕ್ಕೆ ಮನೆಮನೆ ಸಮೀಕ್ಷೆಯೇ ಆಗಬೇಕೆಂದಿಲ್ಲ. ವಿದೇಶಿಯರು ಬಂದಿಳಿದರೆ 24 ಗಂಟೆಯೊಳಗೆ ಲಾಡ್ಜು, ಹೋಂಸ್ಟೇಗಳು ಅವರ ವಿವರ ಸಲ್ಲಿಸಬೇಕೆಂಬ ನಿಯಮ ಹಳೆಯದು. ಹಂಪಿಯ ವಿಠ್ಠಲ ದೇವಾಲಯ, ಗೋಲಗುಮ್ಮಟ, ಸೋಮನಾಥಪುರಗಳ ಟಿಕೆಟ್ ಲೆಕ್ಕ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬಳಿ ಇದೆ. ಚಾರಣದ ಆನ್‌ಲೈನ್ ಬುಕಿಂಗ್ ಅರಣ್ಯ ಇಲಾಖೆಯಲ್ಲಿದೆ. ದೇಶಕ್ಕೆ ಬರುವ ವಿದೇಶಿ ಪ್ರವಾಸಿಗರ ಸಂಖ್ಯೆ ಸಿಗುವುದೂ ವಲಸೆ ವಿಭಾಗದ ದಾಖಲೆಗಳಿಂದಲೇ.

ಹಾಗೆಂದು ಇದ್ದದ್ದನ್ನು ಇದ್ದಂತೆ ಕೂಡಿಸಿದರೆ ಎಡವಟ್ಟಾಗುತ್ತದೆ. ಜಿಎಸ್‌ಟಿಯನ್ನೇ ನೋಡಿ. ಕೋಣೆ ಬಾಡಿಗೆಯ ವಹಿವಾಟು ಅದರಲ್ಲಿದೆ, ನಿಜ. ಆದರೆ ನೋಂದಣಿ ಸಾಮಾನ್ಯವಾಗಿ ರಾಜ್ಯಕ್ಕೊಂದು. ಮೈಸೂರು, ಹೊಸಪೇಟೆ ಎರಡೂ ಕಡೆ ಹೋಟೆಲಿರುವ ಕಂಪನಿ ಒಂದೇ ರಿಟರ್ನ್ ಸಲ್ಲಿಸಬಹುದು. ಅದರಲ್ಲಿ ಮೈಸೂರಿನ ಪಾಲೆಷ್ಟೆಂದು ತಿಳಿಯುವುದಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದ ಕೊಡಗಿನ ಸಣ್ಣ ಹೋಂಸ್ಟೇ ಆ ಲೆಕ್ಕಕ್ಕೇ ಬರದಿರಬಹುದು. ಕೊಡಗಿನ ಪ್ರವಾಸೋದ್ಯಮ ನಿಂತಿರುವುದು ಬಹುಮಟ್ಟಿಗೆ ಇಂಥವರ ಮೇಲೆಯೇ. ಅವರನ್ನು ಬಿಟ್ಟ ಲೆಕ್ಕ ದೊಡ್ಡ ಹೋಟೆಲುಗಳ ಲೆಕ್ಕವಷ್ಟೇ ಆದೀತು. ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೂಡ ಹೀಗೆಯೇ: ಕೆಲಸಕ್ಕೆ ಹೊರಟವರು, ತವರಿಗೆ ಹೊರಟವರು, ದೇವರ ದರ್ಶನಕ್ಕೆ ಹೊರಟವರು ಎಲ್ಲರ ಟಿಕೆಟೂ ಒಂದೇ ಬಗೆಯದು. ಅಲ್ಲಿ ಬಸ್ ನಿಲ್ದಾಣಗಳಲ್ಲಿ ಸಣ್ಣದೊಂದು ಮಾದರಿ ಸಮೀಕ್ಷೆ ನಡೆಸಲೇಬೇಕು. ಹೊಸ ಶ್ರಮ ಬೇಕಾದದ್ದು ಇಂಥ ಕಡೆ.

ಇಲಾಖೆಗಳು ಮಾಹಿತಿ ಹಂಚಿಕೊಳ್ಳಲು ಹಿಂಜರಿಯುವುದಕ್ಕೆ ಖಾಸಗಿತನದ ಕಾರಣವೂ ಇದೆ. ಅದು ಸಣ್ಣ ಕಾರಣವಲ್ಲ. ಯಾರು ಯಾವ ಲಾಡ್ಜಿನಲ್ಲಿದ್ದರೆಂಬುದು ಅಂಕಿಅಂಶ ಇಲಾಖೆಗೂ ಬೇಕಿಲ್ಲ. ಹೆಸರು, ಫೋನ್ ನಂಬರು ಮೂಲ ಇಲಾಖೆಯಲ್ಲೇ ಉಳಿಯಲಿ. ತಾಲ್ಲೂಕು, ತಿಂಗಳು, ತಂಗಿದ ರಾತ್ರಿಗಳು, ಇಷ್ಟೇ ಹೊರಬರಲಿ.

ಮೊದಲು ಮೈಸೂರು, ಶ್ರೀರಂಗಪಟ್ಟಣ ಎರಡು ತಾಲ್ಲೂಕುಗಳಲ್ಲಿ ಮಾಡಿ ನೋಡಬಹುದು. ದಸರಾ ತಿಂಗಳ ಲೆಕ್ಕ ದೀಪಾವಳಿಯ ನಂತರ ಪ್ರಕಟವಾಗಲಿ, ಯಾವ ದಾಖಲೆಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬ ಟಿಪ್ಪಣಿಯ ಸಮೇತ.