ಸೋರುವ ಸೂರಿಗೆ ಯಾರ ಅನುಮತಿ?

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ಕುಟುಂಬವು ಸೋರುವ ಚಾವಣಿಯನ್ನು ಸರಿಪಡಿಸಲು ಹೊರಟಾಗ ಇಟ್ಟಿಗೆ, ಸಿಮೆಂಟಿನ ಲೆಕ್ಕಕ್ಕೂ ಮೊದಲು ಒಂದು ವಿಷಯವನ್ನು ತಿಳಿಯಬೇಕಾಗಿದೆ: ಮನೆ ನಿಂತಿರುವ ನೆಲ ಯಾವ ದಾಖಲೆಯಲ್ಲಿದೆ?

ಕೊಳ್ಳೇಗಾಲದ ನಗರಸಭೆ, ಹನೂರು ಹಾಗೂ ಯಳಂದೂರಿನ ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಆಯಾ ಕಚೇರಿಯೇ ಅನುಮತಿ ನೀಡುತ್ತದೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹೊಸ ಮನೆಗೂ, ಇರುವ ಮನೆಯ ಮಾರ್ಪಾಡು ಅಥವಾ ವಿಸ್ತರಣೆಗೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ಸದಸ್ಯರೊಬ್ಬರು ದಾರಿಯಲ್ಲಿ ಸಿಕ್ಕಾಗ ‘ಕಟ್ಕೊಳಿ’ ಎಂದುದು ಅನುಮತಿಯಾಗದು. ಬೇಸಾಯದ ಜಮೀನಾದರೆ 1964ರ ಭೂ ಕಂದಾಯ ಅಧಿನಿಯಮದ ಪ್ರಕಾರ ಭೂಪರಿವರ್ತನೆಯಾಗಬೇಕು. ರೈತನ ಸ್ವಂತ ಉಪಯೋಗದ ತೋಟದ ಮನೆಗೆ ವಿನಾಯಿತಿಯುಂಟು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಕೋಣೆಗಳಿಗೆ ಅದು ಅನ್ವಯಿಸದು.

ತೊಡಕಿರುವುದು ಅರಣ್ಯಭೂಮಿಯಲ್ಲಿ. ಬಿಳಿಗಿರಿರಂಗನ ಬೆಟ್ಟವು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾಯಿತು. ಸೋಲಿಗರ ಪೋಡುಗಳೂ ಬೇಡಗಂಪಣರ ಊರುಗಳೂ ಈ ಘೋಷಣೆಗಳಿಗಿಂತ ಎಷ್ಟೋ ಹಳೆಯವು. ಆದರೂ ಅಲ್ಲಿ ಒಂದು ಗೋಡೆ ಎತ್ತುವವನು ಅತಿಕ್ರಮಣದಾರನಂತೆ ಅಂಜಬೇಕಾಗಿರುವುದು ನ್ಯಾಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಬೇಸಾಯಕ್ಕೆ ಮಾತ್ರವಲ್ಲದೆ ವಾಸಕ್ಕೂ ಹಕ್ಕು ನೀಡುತ್ತದೆ. ಅರ್ಜಿಯ ನಮೂನೆಯಲ್ಲಿ ವಾಸದ ನೆಲಕ್ಕೆ ಪ್ರತ್ಯೇಕ ಕಾಲಂ ಇದೆ. ಹೊಲದ ಅಳತೆಯನ್ನಷ್ಟೇ ಬರೆದು ಆ ಕಾಲಂ ಖಾಲಿ ಬಿಟ್ಟರೆ ಮನೆಯ ನೆಲ ಹಕ್ಕುಪತ್ರದ ಹೊರಗುಳಿಯುತ್ತದೆ. ಹಕ್ಕುಪತ್ರ ಗಂಡ ಹೆಂಡಿರಿಬ್ಬರ ಹೆಸರಿನಲ್ಲೂ ಇರತಕ್ಕದ್ದು. ಮಕ್ಕಳಿಗೆ ಬರುತ್ತದೆ, ಮಾರಲಾಗದು. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮುನ್ನ ಅಲ್ಲಿ ನೆಲೆಸಿದ್ದರೆ ಸಾಕು. ಇತರರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದವೇ ಇಲ್ಲದ ಕಾಲದ ಕಾಗದವನ್ನು ಕೇಳುವ ಈ ನಿಯಮ ಕಠಿಣವಾದುದು. ಆದರೆ ಹಿರಿಯರ ಹೇಳಿಕೆಯನ್ನೂ, ಹಳೆಯ ಬಾವಿ, ಸಮಾಧಿ, ಗುಡಿಗಳನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಸಂರಕ್ಷಿತ ಅರಣ್ಯಗಳ ಸುತ್ತ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿರಬೇಕು, ಅಲ್ಲಿ ಹೊಸ ಶಾಶ್ವತ ಕಟ್ಟಡ ಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು ಜೂನ್ 2022ರಲ್ಲಿ ಆದೇಶಿಸಿತ್ತು. ಏಪ್ರಿಲ್ 2023ರಲ್ಲಿ ಅದೇ ನ್ಯಾಯಾಲಯ ಆದೇಶವನ್ನು ಮಾರ್ಪಡಿಸುವಾಗ, ಹೀಗಾದರೆ ಹಳ್ಳಿಗನು ತನ್ನ ಮನೆಯನ್ನೂ ಮರಳಿ ಕಟ್ಟಲಾರ ಎಂಬುದನ್ನು ಗಮನಿಸಿತು. ಕಾಡನ್ನು ಕಾಯಲೇಬೇಕೆನ್ನುವವರು ಈ ಮಾತನ್ನು ಓದಬೇಕು. ಬೆಟ್ಟದ ಇಳಿಜಾರನ್ನು ಜೆಸಿಬಿಯಿಂದ ಕಡಿದು ಎಬ್ಬಿಸುವ ವಸತಿಗೃಹವೂ, ಎರಡು ಕೋಣೆಯ ಮನೆಗೆ ಹೊದಿಸುವ ಹೆಂಚೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಆದುದರಿಂದ ಪೋಡಿನ ಮನೆಗಳ ಪಟ್ಟಿಯನ್ನು ಅಳತೆಯೊಡನೆ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವುದು ಮೊದಲ ಕೆಲಸ. ದುರಸ್ತಿಯ ಅರ್ಜಿಗೆ ಆ ನಡಾವಳಿಯ ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ಅನುಮತಿ ನಿರಾಕರಿಸುವವರು ಯಾವ ಕಾನೂನಿನ ಯಾವ ಪ್ರಕರಣದಂತೆ ನಿರಾಕರಿಸುತ್ತಿದ್ದಾರೆ ಎಂಬುದನ್ನು ಬರೆದುಕೊಡುವಂತೆ ಕೇಳಬೇಕು. ಓದುಬರಹ ಬಲ್ಲ ಕಾಲೇಜು ವಿದ್ಯಾರ್ಥಿಗಳು ಊರಿನ ಹಿರಿಯರ ಪಕ್ಕ ಕುಳಿತು ಈ ಅರ್ಜಿಗಳನ್ನು ತುಂಬಿಕೊಡಲು ಒಂದು ಭಾನುವಾರ ಸಾಕು.