ಬೋರ್ಡು ಕನ್ನಡದ್ದಾಯಿತು, ದಾರಿ ಯಾರದು?

ನೆನಪಿದೆಯೇ ಗೆಳೆಯರೇ, 2017ರ ಆ ಜೂನ್-ಜುಲೈ? ಬೆಂಗಳೂರಿನ ನಮ್ಮ ಮೆಟ್ರೋ ಫಲಕಗಳ ಮೇಲೆ ಹಿಂದಿ ಬಂದು ಕೂತಾಗ ನಾವು ಸುಮ್ಮನಿರಲಿಲ್ಲ. ಬೀದಿಗಿಳಿದೆವು. ಮುಖ್ಯಮಂತ್ರಿ ಸಿದ್ದರಾಮಯ್ಯ ದಿಲ್ಲಿಗೆ ಪತ್ರ ಬರೆದರು. ಹಿಂದಿ ಅಕ್ಷರ ಕೆಳಗಿಳಿಯಿತು. ಗೆದ್ದೆವು, ಸಂತೋಷ.

ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ಆ ಕನ್ನಡ ಬೋರ್ಡನ್ನು ಓದಬೇಕಾದರೆ ಮೊದಲು ಬೋರ್ಡಿನವರೆಗೆ ಹೋಗಬೇಕಲ್ಲ?

ನಿಲ್ದಾಣದೊಳಗೆ ಲಿಫ್ಟ್ ಇದೆ. ನೆಲದಲ್ಲಿ ಹಳದಿ ಉಬ್ಬುಹಾಸು ಇದೆ. ಉದ್ದ ಗೆರೆ ಎಂದರೆ ಮುಂದೆ ನಡೆ. ಗುಂಡು ಚುಕ್ಕೆ ಎಂದರೆ ನಿಲ್ಲು, ಎಚ್ಚರ. ಕಣ್ಣು ಕಾಣದವರ ಪಾದಕ್ಕೂ ಕೋಲಿಗೂ ಅದೇ ಲಿಪಿ. 1965ರಲ್ಲಿ ಇದನ್ನು ಕಂಡುಹಿಡಿದವರು ಜಪಾನಿನ ಸೇಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲ ಸಲ ಹಾಸಿದ್ದು ರಸ್ತೆ ದಾಟುವ ಜಾಗದಲ್ಲಿ. ಗಮನಿಸಿ, ರಸ್ತೆಯಲ್ಲಿ!

ನಮ್ಮಲ್ಲಿ ಬಹಳ ಕಡೆ ಆ ಲಿಪಿ ಗೇಟಿಗೇ ಮುಗಿಯುತ್ತದೆ. ಆಚೆ ಏನಿದೆ? ಮೊಣಕಾಲೆತ್ತರದ ಫುಟ್‌ಪಾತ್. ಹತ್ತಿದರೆ ಟ್ರಾನ್ಸ್‌ಫಾರ್ಮರ್. ಅದನ್ನು ಸುತ್ತಿದರೆ ಎದ್ದು ನಿಂತ ಚಪ್ಪಡಿ. ಬೈಕು ಹತ್ತದಿರಲೆಂದು ನೆಟ್ಟ ಕಂಬಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ; ಬೈಕು ಮಾತ್ರ ಹೇಗೋ ತೂರುತ್ತದೆ! ಬಸ್ ಸ್ಟಾಪು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ.

ನಿಯಮ ಇಲ್ಲವೆಂದಲ್ಲ ಸ್ವಾಮಿ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ: ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿಲಿಮೀಟರ್ ಮೀರಬಾರದು, ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೇನು? ಗೇಟಿನೊಳಗೆ ಮೆಟ್ರೋ ನಿಗಮ, ಹೊರಗೆ ಪಾಲಿಕೆ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು. ನಡುವಿನ ನೂರು ಹೆಜ್ಜೆ ಯಾರ ಪಾಲಿನದು? (2025ರಲ್ಲಿ ಒಂದು ಪಾಲಿಕೆ ಐದಾಯಿತು. ಇನ್ನೊಬ್ಬರ ಕಡೆ ತೋರಿಸಲು ಮತ್ತಷ್ಟು ಬೆರಳು ಸಿಕ್ಕವು!)

ಇನ್ನು ಭಾಷೆಯ ಮಾತು. ಲಿಫ್ಟ್ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ. ಇರುವ ದ್ವಾರ ಯಾವುದೆಂದು ರಸ್ತೆ ದಾಟುವ ಮುಂಚೆಯೇ ದೊಡ್ಡ ಕನ್ನಡ ಅಕ್ಷರದಲ್ಲಿ ಕಾಣಬೇಕು. ತಪ್ಪು ಮೆಟ್ಟಿಲ ಬುಡಕ್ಕೆ ಹೋದ ಮೇಲೆ ತಿಳಿದರೆ ಏನು ಪ್ರಯೋಜನ? ಮೆಟ್ಟಿಲಿನ ಹಿಡಿಕಂಬಿಯ ಮೇಲೆ ಕನ್ನಡ ಬ್ರೈಲ್ ಬೇಕು. ಕಲಬುರಗಿಯಿಂದ ಕೆಲಸ ಹುಡುಕಿ ಬರುವ ಕಣ್ಣು ಕಾಣದ ಹುಡುಗ ಶಾಲೆಯಲ್ಲಿ ಓದಿದ್ದು ಅದನ್ನೇ. ಹಿಂದಿಗೆ ಮಸಿ ಬಳಿದ ನಾವು ಈ ಆರು ಚುಕ್ಕೆಗಳನ್ನು ಕೇಳಲು ಮರೆತೆವು.

ಮತ್ತೊಂದು ಕಹಿ ನುಂಗಲೇಬೇಕು. ನವೆಂಬರ್ ಬಂತೆಂದರೆ ಫುಟ್‌ಪಾತಿನ ಮೇಲೆ ಪೆಂಡಾಲ್ ಹಾಕುವವರು ಯಾರು? ತಲೆಗೆ ಬಡಿಯುವ ಹಾಗೆ ಫ್ಲೆಕ್ಸ್ ಕಟ್ಟುವವರು ಯಾರು? ಬೇರೆ ಯಾರೂ ಅಲ್ಲ, ನಾವೇ. ಕೋಲು ನೆಲವನ್ನು ತಡವುತ್ತದೆ, ಹಣೆಯೆತ್ತರದ ಕಟ್ಟಿಗೆ ಅದಕ್ಕೆ ತಿಳಿಯದು. ಭುವನೇಶ್ವರಿಗೆ ಹಾರ ಹಾಕಿ, ದಾರಿಹೋಕ ಅಜ್ಜಿಯನ್ನು ಲಾರಿಗಳ ನಡುವೆ ಇಳಿಸುವುದು ಕನ್ನಡ ಸೇವೆಯೇ?

ಈ ಭಾನುವಾರ ಟೇಪು ಹಿಡಿದು ನಿಮ್ಮ ಬಡಾವಣೆಯ ನಿಲ್ದಾಣಕ್ಕೆ ಹೋಗಿ. ಗಾಲಿಕುರ್ಚಿಯವರನ್ನೋ ಬಿಳಿಕೋಲಿನವರನ್ನೋ ಜೊತೆಗೆ ಕರೆಯಿರಿ, ಮುಂದೆ ಅವರೇ ನಡೆಯಲಿ. ಗೇಟಿನಿಂದ ಬಸ್ ಸ್ಟಾಪಿನವರೆಗೆ ಎಲ್ಲಿ ತಡೆಯಾಯಿತು, ಎಷ್ಟು ಎತ್ತರ, ಎಷ್ಟು ಅಗಲ, ಬರೆದುಕೊಳ್ಳಿ. ಸೋಮವಾರ ಆ ಲೆಕ್ಕ ಪಾಲಿಕೆ ಎಂಜಿನಿಯರರ ಮೇಜಿನ ಮೇಲಿರಲಿ, ಅಚ್ಚಕನ್ನಡದಲ್ಲಿ. ಒಂದು ಪ್ರತಿ ಮೆಟ್ರೋ ನಿಗಮಕ್ಕೆ. ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳದೆ ಬರಬೇಡಿ.